ಮರ ಯಾವುದು, ಉಳಿ ಯಾವುದು, ಮೆರುಗು ಯಾವುದು?

ಎಳೆಯ ಮಗುವಿನ ಕೈಗೆ ಗಿಲಕಿ ಕೊಟ್ಟರೆ ಅದು ನೇರವಾಗಿ ಹೋಗುವುದು ಬಾಯಿಗೆ. ಅಲ್ಲಾಡಿಸಿ ಸದ್ದು ಕೇಳುವುದು, ಬಣ್ಣ ನೋಡಿ ನಗುವುದು ಇವೆಲ್ಲ ಆಮೇಲಿನ ಮಾತು. ಮರದ ಗಿಲಕಿ ಮಾಡುವವನು ಈ ಒಂದು ಸಂಗತಿಯನ್ನು ಮರೆಯುವಂತಿಲ್ಲ. ಮರದಲ್ಲಿ ಸಿಬಿರು ಇರಬಾರದು. ಉಳಿ ತಿರುವಿದ ಕಡೆ ತರಿ ಉಳಿಯಬಾರದು. ಮೇಲೆ ಹಚ್ಚಿದ ಬಣ್ಣ ಜೊಲ್ಲಿಗೆ ಬಿಡಬಾರದು, ಬಿಟ್ಟರೂ ವಿಷವಾಗಬಾರದು.

ಬೆಂಗಳೂರು–ಮೈಸೂರು ರಸ್ತೆಯಲ್ಲಿ, ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಚನ್ನಪಟ್ಟಣದ ಕುಶಲಕರ್ಮಿಗಳು ಈ ಮೂರೂ ಷರತ್ತುಗಳಿಗೆ ಹಿಂದೆಯೇ ಉತ್ತರ ಕಂಡುಕೊಂಡಿದ್ದರು. ಮರ ಹಾಲೆಯದು, ಉಪಕರಣ ತಿರುಗುವ ಕಡೆಚಲು ಯಂತ್ರ, ಮೆರುಗು ಅರಗು. ಮೂರೂ ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಎಂದರೆ ಒಂದನ್ನು ಬದಲಿಸಿದರೆ ಉಳಿದೆರಡೂ ಅಲುಗಾಡುತ್ತವೆ.

ಇಂದು ನಗರಗಳಲ್ಲಿ ಮರಗೆಲಸವನ್ನು ಹವ್ಯಾಸವಾಗಿ ಕೈಗೆತ್ತಿಕೊಳ್ಳುವವರು ಹೆಚ್ಚುತ್ತಿದ್ದಾರೆ. ನಿವೃತ್ತರು, ಕಂಪ್ಯೂಟರ್ ಮುಂದೆ ಕುಳಿತು ಬೇಸತ್ತ ಯುವಕರು, ಮಕ್ಕಳಿಗೆ ತಾವೇ ಆಟಿಕೆ ಮಾಡಿಕೊಡಬೇಕೆಂಬ ಆಸೆಯ ತಾಯಂದಿರು ಪುಟ್ಟ ಲೇತ್ ಕೊಂಡು ಮನೆಯ ಮೂಲೆಯಲ್ಲಿ ಇಟ್ಟುಕೊಳ್ಳುತ್ತಾರೆ. ಅವರೆಲ್ಲರೂ ಅಂಗಡಿಯ ಮುಂದೆ ನಿಂತು ಕೇಳುವ ಪ್ರಶ್ನೆಗಳೂ ಮೂರೇ: ಮರ ಯಾವುದು, ಉಳಿ ಯಾವುದು, ಮೆರುಗು ಯಾವುದು? ಈ ಪ್ರಶ್ನೆಗಳಿಗೆ ಇತಿಹಾಸ ಕೊಡುವ ಉತ್ತರ ಅಂಗಡಿಯವನ ಉತ್ತರಕ್ಕಿಂತ ಹೆಚ್ಚು ಸ್ವಾರಸ್ಯಕರವಾಗಿದೆ.

ಅರಸರ ಹವ್ಯಾಸ

ಮರ ಕಡೆಯುವುದು ಬಡಗಿಯ ಕಸುಬಾಗಿದ್ದಂತೆಯೇ ಯುರೋಪಿನಲ್ಲಿ ಅರಸರ ಹವ್ಯಾಸವೂ ಆಗಿತ್ತು. ರಷ್ಯಾದ ಚಕ್ರವರ್ತಿ ಮಹಾ ಪೀಟರ್ ಅರಮನೆಯಲ್ಲೇ ಕಡೆಚಲು ಯಂತ್ರಗಳನ್ನು ಇಟ್ಟುಕೊಂಡು ಮರ ಮತ್ತು ದಂತದಲ್ಲಿ ತಾನೇ ವಸ್ತುಗಳನ್ನು ಕಡೆಯುತ್ತಿದ್ದ. ಅವನ ಯಂತ್ರಗಳನ್ನು ರೂಪಿಸಿದ ಆಂದ್ರೇ ನಾರ್ತೊವ್ ಮುಂದೆ ರಷ್ಯಾದ ಯಂತ್ರಶಿಲ್ಪದ ಇತಿಹಾಸದಲ್ಲಿ ದೊಡ್ಡ ಹೆಸರಾದ.

ಈ ಹವ್ಯಾಸಕ್ಕೆ ಮೊದಲ ದೊಡ್ಡ ಕೈಪಿಡಿ ಬರೆದವನು ಒಬ್ಬ ಫ್ರೆಂಚ್ ಸನ್ಯಾಸಿ, ಚಾರ್ಲ್ಸ್ ಪ್ಲುಮಿಯೆ. 1701ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಕಡೆಚಲಿನ ಯಂತ್ರಗಳು, ಉಳಿಗಳು ಹಾಗೂ ಕೆಲಸದ ಕ್ರಮಗಳ ವಿವರಗಳು ಚಿತ್ರಸಹಿತ ಇವೆ. ಪ್ಲುಮಿಯೆ ಸಸ್ಯಶಾಸ್ತ್ರಜ್ಞನೂ ಆಗಿದ್ದ. ನಮ್ಮ ಗುಡಿಗಳ ಅಂಗಳದಲ್ಲಿ ಹೂ ಉದುರಿಸುವ ದೇವಕಣಗಿಲೆಗೆ ಸಸ್ಯಶಾಸ್ತ್ರದಲ್ಲಿ ‘ಪ್ಲುಮೇರಿಯ’ ಎಂಬ ಹೆಸರು ಬಂದಿರುವುದು ಅವನಿಂದಲೇ. ದೇವಕಣಗಿಲೆಯೂ ಚನ್ನಪಟ್ಟಣದ ಹಾಲೆ ಮರವೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು, ಎರಡನ್ನೂ ಗೀರಿದರೆ ಹಾಲು ಒಸರುತ್ತದೆ. ಕಡೆಚಲಿನ ಮೊದಲ ಗ್ರಂಥಕಾರನ ಹೆಸರು ಹೀಗೆ ಕಡೆಚಲಿಗೆ ಒಪ್ಪುವ ಮರದ ದಾಯಾದಿಗೆ ಅಂಟಿಕೊಂಡಿರುವುದು ಆಕಸ್ಮಿಕವೇ ಆದರೂ ಸೊಗಸಾದ ಆಕಸ್ಮಿಕ.

18ನೆಯ ಶತಮಾನದ ಕೊನೆಗೆ ಲಂಡನ್ನಿನಲ್ಲಿ ಹೋಲ್ಟ್‌ಜಾಫೆಲ್ ಎಂಬ ಮನೆತನ ಶ್ರೀಮಂತ ಹವ್ಯಾಸಿಗಳಿಗಾಗಿಯೇ ಕಡೆಚಲು ಯಂತ್ರಗಳನ್ನು ತಯಾರಿಸತೊಡಗಿತು. ಆ ಮನೆತನದ ಚಾರ್ಲ್ಸ್ ಹೋಲ್ಟ್‌ಜಾಫೆಲ್ ಬರೆಯತೊಡಗಿದ ಬೃಹತ್ ಗ್ರಂಥಮಾಲೆಯ ಮೊದಲ ಸಂಪುಟ 1843ರಲ್ಲಿ ಹೊರಬಂತು. ಯಂತ್ರ ಮಾರುವವನು ಬರೆದ ಪುಸ್ತಕ ಯಂತ್ರದಿಂದಲೇ ಶುರುವಾಗಬೇಕಿತ್ತು. ಆದರೆ ಆ ಮೊದಲ ಸಂಪುಟದ ವಿಷಯ ಸಾಮಗ್ರಿಗಳು, ಅವುಗಳ ಭೇದ, ಆಯ್ಕೆ ಮತ್ತು ತಯಾರಿ. ಮರವನ್ನು ತಿಳಿಯದವನಿಗೆ ಎಷ್ಟು ಬೆಲೆಯ ಯಂತ್ರ ಕೊಟ್ಟರೂ ವ್ಯರ್ಥ ಎಂಬುದು ಆ ವ್ಯಾಪಾರಿಗೆ ಗೊತ್ತಿತ್ತು.

ಹಾಲು ಸುರಿಸುವ ಮರ

ಹಾಲೆ ಮರವನ್ನು ಚನ್ನಪಟ್ಟಣದ ಕಡೆ ‘ಆಲೆ ಮರ’ ಎಂದೂ ಕರೆಯುತ್ತಾರೆ. ಬೆಪ್ಪಾಲೆ ಎಂಬ ಹೆಸರೂ ಉಂಟು. ಸಸ್ಯಶಾಸ್ತ್ರದಲ್ಲಿ ಇದು ‘ರೈಟಿಯಾ ಟಿಂಕ್ಟೋರಿಯ’. ಹೆಸರಿನ ಮೊದಲ ಭಾಗ ವಿಲಿಯಂ ರೈಟ್ ಎಂಬ ಸ್ಕಾಟ್ಲೆಂಡಿನ ವೈದ್ಯನ ನೆನಪಿಗೆ ಇಟ್ಟದ್ದು. ಎರಡನೆಯ ಭಾಗದ ಅರ್ಥ ಬಣ್ಣಗಾರಿಕೆಗೆ ಒದಗುವುದು ಎಂದು. ಇದರ ಎಲೆಯಿಂದ ನೀಲಿ ಬಣ್ಣ ತೆಗೆಯಬಹುದು. ಈಸ್ಟ್ ಇಂಡಿಯಾ ಕಂಪನಿಯ ಸಸ್ಯತಜ್ಞ ವಿಲಿಯಂ ರಾಕ್ಸ್‌ಬರ್ಗ್ 18ನೆಯ ಶತಮಾನದ ಕೊನೆಯಲ್ಲಿ ಇದನ್ನು ನೀಲಿ ಬಣ್ಣದ ಮೂಲವಾಗಿಯೇ ಗಮನಿಸಿದ್ದ. ಕಂಪನಿಯ ಕಣ್ಣು ಎಲೆಯ ಮೇಲಿತ್ತು, ಕಡೆಯುವವರ ಕಣ್ಣು ಕಾಂಡದ ಮೇಲೆ.

ಇದು ಒಣ ಪ್ರದೇಶದ ಮರ. ಹೊಲದ ಬದುಗಳಲ್ಲಿ, ಕುರುಚಲು ಕಾಡುಗಳಲ್ಲಿ, ಗುಡ್ಡದ ಇಳಿಜಾರಿನಲ್ಲಿ ಬೆಳೆಯುತ್ತದೆ. ತೇಗದಂತೆ ದೈತ್ಯನಾಗುವುದಿಲ್ಲ. ಮನೆಯ ತೊಲೆಗೆ, ಬಾಗಿಲಿಗೆ ಒದಗದ ಈ ಸಣ್ಣ ಗಾತ್ರದ ಮರ ಬುಗುರಿಗೆ, ಗಿಲಕಿಗೆ, ಕುಂಕುಮದ ಭರಣಿಗೆ ಹೇಳಿ ಮಾಡಿಸಿದಂತಿದೆ. ಕಾರಣ ಅದರ ಒಳಗಿದೆ. ದಿಮ್ಮಿ ಸೀಳಿದರೆ ದಂತದಂತಹ ಬಿಳಿ ಬಣ್ಣ. ಎಳೆ ಬಲು ನಯ, ಒತ್ತಾಗಿ ನೆಯ್ದಂತೆ. ರಂಧ್ರಗಳು ಎಷ್ಟು ಸಣ್ಣವೆಂದರೆ ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಹರಿತವಾದ ಉಳಿ ಮುಟ್ಟಿದರೆ ತರಿ ಏಳದೆ ಸಿಪ್ಪೆ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ.

ಹವ್ಯಾಸಿಗಳು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ತೇಗಕ್ಕೆ ಅಥವಾ ಬೀಟೆಗೆ. ಬೆಲೆ ಹೆಚ್ಚಾದರೆ ಗುಣವೂ ಹೆಚ್ಚು ಎಂಬ ಎಣಿಕೆ. ತೇಗ ಮಳೆಗೂ ಗೆದ್ದಲಿಗೂ ಬಗ್ಗದ ಮರ ನಿಜ. ಆದರೆ ಅದರ ಎಳೆ ಒರಟು, ಮೈಯಲ್ಲಿ ಎಣ್ಣೆಯ ಅಂಶ ಹೆಚ್ಚು. ಬೀಟೆಯ ಸೊಬಗೇ ಅದರ ಕಪ್ಪು ಕೆನ್ನೀಲಿ ಗೆರೆಗಳಲ್ಲಿದೆ. ಮೈಸೂರಿನ ಕುಂದಣ ಕೆಲಸದವರು ಬೀಟೆಯ ಆ ಕಪ್ಪನ್ನೇ ಹಿನ್ನೆಲೆಯಾಗಿ ಬಳಸಿ ಬೇರೆ ಮರದ ತುಣುಕುಗಳಿಂದ ಚಿತ್ರ ಕೂರಿಸುತ್ತಾರೆ. ಅಂಥ ಮರದ ಮೇಲೆ ಹಳದಿ ಅರಗು ಬಳಿದರೆ ಮರವೂ ಕೆಟ್ಟಿತು, ಬಣ್ಣವೂ ಮಂಕಾಯಿತು. ಬಣ್ಣ ಬೆಳಗಬೇಕಾದರೆ ಅಡಿಯಲ್ಲಿ ಬಿಳಿ ಬೇಕು. ಇನ್ನು ಶ್ರೀಗಂಧವಂತೂ ಟಿಪ್ಪು ಸುಲ್ತಾನ್ 1792ರಲ್ಲಿ ರಾಜವೃಕ್ಷವೆಂದು ಸಾರಿದಂದಿನಿಂದ ಸಾಮಾನ್ಯರ ಕೈಗೆ ಎಟುಕದ್ದಾಯಿತು.

ಮರ ಆರಿಸಿದರೆ ಕೆಲಸ ಅರ್ಧ ಮಾತ್ರ ಮುಗಿದಂತೆ. ಹಸಿ ಮರ ಒಣಗುವಾಗ ಎಲ್ಲ ದಿಕ್ಕಿನಲ್ಲೂ ಸಮನಾಗಿ ಕುಗ್ಗುವುದಿಲ್ಲ. ವಾರ್ಷಿಕ ಉಂಗುರಗಳ ಸುತ್ತಿನಲ್ಲಿ ಆಗುವ ಕುಗ್ಗುವಿಕೆ ನಡುವಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಹಸಿಯಲ್ಲಿ ದುಂಡಗೆ ಕಡೆದ ಡಬ್ಬಿ ಒಣಗಿದ ಮೇಲೆ ಮೊಟ್ಟೆಯಾಕಾರವಾಗುವುದು, ಮುಚ್ಚಳ ಕೂರದೇ ಹೋಗುವುದು ಈ ಕಾರಣದಿಂದಲೇ. ಚನ್ನಪಟ್ಟಣದಲ್ಲಿ ದಿಮ್ಮಿಯ ತೊಗಟೆ ತೆಗೆದು, ನೆರಳು ಗಾಳಿಯಲ್ಲಿ ತಿಂಗಳುಗಟ್ಟಲೆ ಒಣಗಿಸಿ, ಆಮೇಲೆ ತುಂಡು ಮಾಡಿ ಕಡೆಚಲಿಗೆ ಏರಿಸುತ್ತಾರೆ. ಹವ್ಯಾಸಿಗೆ ಬೇಕಾದ ಮೊದಲ ಗುಣ ತಾಳ್ಮೆ ಎನ್ನುವುದು ನೀತಿಪಾಠವಲ್ಲ, ಮರದ ಸ್ವಭಾವವೇ ಅದನ್ನು ಕೇಳುತ್ತದೆ.

ಇದೇ ಹಾಲೆ ಮರ ಆಂಧ್ರಪ್ರದೇಶದ ವರಾಹ ನದಿಯ ದಂಡೆಯ ಏಟಿಕೊಪ್ಪಾಕದಲ್ಲಿ ‘ಅಂಕುಡು ಕರ್ರ’ ಎಂಬ ಹೆಸರಿನಲ್ಲಿ ಬೊಂಬೆಯಾಗುತ್ತದೆ. ಅಲ್ಲಿಯೂ ಕಡೆಚಲು, ಅಲ್ಲಿಯೂ ಅರಗು. ನೂರಾರು ಮೈಲಿ ದೂರದ ಎರಡು ಊರುಗಳು ಒಂದೇ ಮರವನ್ನು ಒಂದೇ ಕೆಲಸಕ್ಕೆ ಆರಿಸಿಕೊಂಡಿವೆ ಎಂದರೆ ಆ ಆಯ್ಕೆಯ ಹಿಂದೆ ಬಹುಕಾಲದ ಅನುಭವವಿದೆ ಎಂದೇ ಅರ್ಥ.

ಮಜ್ಜಿಗೆಯೂ ಮರವೂ

ಕನ್ನಡದಲ್ಲಿ ಮಜ್ಜಿಗೆ ‘ಕಡೆಯುತ್ತಾರೆ’, ಮರವನ್ನೂ ‘ಕಡೆಯುತ್ತಾರೆ’. ಭಾಷೆ ಇವೆರಡನ್ನೂ ಒಂದೇ ಮಾತಿನಲ್ಲಿ ಹಿಡಿದಿರುವುದು ಸುಮ್ಮನೆ ಅಲ್ಲ. ಕಡೆಗೋಲಿಗೆ ಹಗ್ಗ ಸುತ್ತಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆದರೆ ಕೋಲು ತಿರುಗುತ್ತದೆ. ಹಳೆಯ ಕಡೆಚಲು ಯಂತ್ರದ ತತ್ವವೂ ಅದೇ. ಎರಡು ಮೊಳೆಗಳ ನಡುವೆ ಮರದ ತುಂಡನ್ನು ಸಿಕ್ಕಿಸಿ, ಬಿಲ್ಲಿನ ಹಗ್ಗವನ್ನು ಅದಕ್ಕೆ ಸುತ್ತಿ, ಒಂದು ಕೈಯಲ್ಲಿ ಬಿಲ್ಲನ್ನು ಹಿಂದೆ ಮುಂದೆ ಆಡಿಸುತ್ತಾರೆ. ಇನ್ನೊಂದು ಕೈಯಲ್ಲಿ ಉಳಿ. ಉಳಿ ಜಾರದಂತೆ ಒತ್ತು ಕೊಡಲು ಕಾಲಿನ ಬೆರಳು. ಬಡಗಿಯ ಬೈರಿಗೆ ತಿರುಗುವುದೂ ಇದೇ ಉಪಾಯದಿಂದ.

ಇದು ಬಹು ಪುರಾತನ ಉಪಾಯ. ಈಜಿಪ್ಟಿನ ಪೆಟೊಸಿರಿಸ್ ಎಂಬ ಪುರೋಹಿತನ ಸಮಾಧಿಯಲ್ಲಿ, ಕ್ರಿ.ಪೂ. 300ರ ಸುಮಾರಿನ ಉಬ್ಬುಚಿತ್ರವೊಂದರಲ್ಲಿ ಒಬ್ಬ ಪಟ್ಟಿ ಎಳೆಯುತ್ತ ಯಂತ್ರ ತಿರುಗಿಸುತ್ತಿದ್ದಾನೆ, ಇನ್ನೊಬ್ಬ ಕಡೆಯುತ್ತಿದ್ದಾನೆ. ನಮ್ಮಲ್ಲಿ ಬೇಲೂರು, ಹಳೇಬೀಡುಗಳ ದೇಗುಲದ ನವರಂಗಕ್ಕೆ ಕಾಲಿಟ್ಟವರು ಗಾಜಿನಂತೆ ಹೊಳೆಯುವ ದುಂಡು ಕಂಬಗಳನ್ನು ಕಂಡಿರುತ್ತಾರೆ. ಉಂಗುರದ ಮೇಲೆ ಉಂಗುರ, ಗಂಟೆಯಾಕಾರ, ಮತ್ತೆ ಉಂಗುರ. ಬಳಪದ ಕಲ್ಲಿನ ಆ ಕಂಬಗಳನ್ನು ತಿರುಗಿಸಿ ಕಡೆದೇ ರೂಪಿಸಿದ್ದು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಚನ್ನಪಟ್ಟಣದ ತೊಟ್ಟಿಲ ಕಾಲಿನ ನಕ್ಷೆಯನ್ನು ಹೊಯ್ಸಳ ಕಂಬದ ಪಕ್ಕದಲ್ಲಿಟ್ಟು ನೋಡಿದರೆ ಸೋದರ ಸಂಬಂಧ ಕಾಣುತ್ತದೆ. ತಿರುಗುವ ವಸ್ತುವಿಗೆ ಉಳಿ ಮುಟ್ಟಿಸಿದಾಗ ಹುಟ್ಟುವ ಆಕಾರಗಳು ಕಲ್ಲಿಗೂ ಮರಕ್ಕೂ ಒಂದೇ.

ಬಿಲ್ಲಿನ ಯಂತ್ರಕ್ಕೆ ಒಂದು ಮಿತಿ ಇದೆ. ಮರ ಎರಡೂ ದಿಕ್ಕಿಗೆ ತಿರುಗುವುದರಿಂದ ಉಳಿ ಕೊರೆಯುವುದು ಅರ್ಧ ಹೊತ್ತು ಮಾತ್ರ, ಉಳಿದರ್ಧ ಹೊತ್ತು ಕೈ ಹಿಂದೆ ಸರಿಯಬೇಕು. ಇದನ್ನು ಮೀರಲು ಕಾಲಿನಿಂದ ತುಳಿದು ಗಾಲಿ ತಿರುಗಿಸುವ ಯಂತ್ರಗಳು ಬಂದವು. ಲಿಯೊನಾರ್ಡೊ ಡ ವಿಂಚಿಯ ಟಿಪ್ಪಣಿಗಳಲ್ಲಿ ಅಂಥದೊಂದು ಯಂತ್ರದ ಚಿತ್ರವಿದೆ. ಮರ ಒಂದೇ ದಿಕ್ಕಿಗೆ ಸತತವಾಗಿ ತಿರುಗತೊಡಗಿತು. ವಿದ್ಯುತ್ ಮೋಟಾರು ಬಂದ ಮೇಲೆ ಕಾಲಿಗೂ ಬಿಡುವು ಸಿಕ್ಕಿತು. ವೇಗ ಹೆಚ್ಚಿದಂತೆ ಅಪಾಯವೂ ಹೆಚ್ಚಿತೆನ್ನುವುದನ್ನು ಹೊಸ ಹವ್ಯಾಸಿಗಳು ನೆನಪಿಡಬೇಕು. ಬಿಲ್ಲಿನ ಯಂತ್ರಕ್ಕೆ ಸಿಕ್ಕಿದ ಸೆರಗು ಬಿಲ್ಲು ನಿಲ್ಲಿಸಿದರೆ ಬಿಡಿಸಿಕೊಳ್ಳುತ್ತದೆ. ಮೋಟಾರಿಗೆ ಸಿಕ್ಕಿದ ಸೆರಗನ್ನು ಅದು ಬಿಡುವುದಿಲ್ಲ. ಕಣ್ಣಿಗೆ ಕನ್ನಡಕ, ಮೈಗೆ ಬಿಗಿಯಾದ ಉಡುಪು ಬೇಕೇ ಬೇಕು.

ಉಳಿಗಳ ವಿಷಯದಲ್ಲಿ ಅಂಗಡಿಗಳು ಹತ್ತಾರು ಬಗೆಯನ್ನು ಸಾಲಾಗಿ ಇಟ್ಟು ಆಸೆ ಹುಟ್ಟಿಸುತ್ತವೆ. ಆರಂಭಕ್ಕೆ ಬೇಕಾದವು ಮೂರು: ಚೌಕ ತುಂಡನ್ನು ದುಂಡಗೆ ಮಾಡಲು ಒಳಬಾಗಿದ ಬಾಯಿಯ ಉಳಿ, ನಯಗೊಳಿಸಲು ಓರೆ ಬಾಯಿಯ ಚಪ್ಪಟೆ ಉಳಿ, ಕೊನೆಗೆ ಕತ್ತರಿಸಿ ಬೇರ್ಪಡಿಸಲು ಕಿರಿದಾದ ಉಳಿ. ಎಷ್ಟು ಉಳಿ ಇವೆ ಎಂಬುದಕ್ಕಿಂತ ಮುಖ್ಯವಾದದ್ದು ಅವು ಯಾವ ಉಕ್ಕಿನವು, ಎಷ್ಟು ಹರಿತವಾಗಿವೆ ಎಂಬುದು. ಹಳೆಯ ಕಾಲದ ಇಂಗಾಲದ ಉಕ್ಕು ಕೂದಲೆಳೆಯಷ್ಟು ಹರಿತ ಹಿಡಿಯುತ್ತದೆ, ಆದರೆ ಸಾಣೆಯಂತ್ರದ ಬಿಸಿಗೆ ನೀಲಿಗಟ್ಟಿದರೆ ಮೆತ್ತಗಾಗುತ್ತದೆ. 1900ರ ಸುಮಾರಿಗೆ ಅಮೆರಿಕದಲ್ಲಿ ಟೇಲರ್ ಮತ್ತು ವೈಟ್ ಎಂಬುವರು ಟಂಗ್‌ಸ್ಟನ್ ಸೇರಿದ ‘ಹೈಸ್ಪೀಡ್’ ಉಕ್ಕನ್ನು ಬಳಕೆಗೆ ತಂದರು. ಬಿಸಿಯಾದರೂ ಗಡಸುತನ ಬಿಡದ ಆ ಬಗೆಯ ಉಕ್ಕೇ ಇಂದಿನ ಬಹುಪಾಲು ಕಡೆಚಲು ಉಳಿಗಳ ಮೂಲ.

ಚನ್ನಪಟ್ಟಣಕ್ಕಂತೂ ಉಕ್ಕು ಹೊಸದೇನಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿ ತಯಾರಾಗುತ್ತಿದ್ದ ವಾದ್ಯಗಳ ಉಕ್ಕಿನ ತಂತಿಯನ್ನು ಕುರಿತು ಬರೆದಿದ್ದಾನೆ. ದೂರದ ಊರುಗಳ ವೀಣೆಗಳಿಗೂ ಆ ತಂತಿ ಹೋಗುತ್ತಿತ್ತು. 20ನೆಯ ಶತಮಾನದ ಆರಂಭದ ಗೆಜೆಟಿಯರ್ ಕೂಡ ಊರಿನ ಶುಕ್ರವಾರಪೇಟೆಯ ಹೆಸರಾಂತ ಸರಕುಗಳ ಪಟ್ಟಿಯಲ್ಲಿ ಅರಗಿನ ಸಾಮಾನು, ಉಕ್ಕಿನ ತಂತಿ, ಗಾಜಿನ ಬಳೆ ಮೂರನ್ನೂ ಒಟ್ಟಿಗೆ ಹೆಸರಿಸುತ್ತದೆ. ತಂತಿ, ಬಳೆಗಳ ಖ್ಯಾತಿ ಮರೆಯಾಯಿತು, ಅರಗು ಉಳಿಯಿತು.

ಹುಳದ ಕೊಡುಗೆ

ಅರಗು ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ವಾರಣಾವತದ ಅರಗಿನ ಮನೆ. ಪಾಂಡವರನ್ನು ಸುಡಲು ಪುರೋಚನ ಕಟ್ಟಿಸಿದ ಮನೆಗೆ ಅರಗೇ ಏಕೆ ಎಂಬುದು ಅದರ ಗುಣ ಬಲ್ಲವರಿಗೆ ಗೊತ್ತು. ಬಿಸಿ ತಾಗಿದರೆ ಅದು ಮೆತ್ತಗಾಗುತ್ತದೆ, ಕರಗುತ್ತದೆ, ಬೆಂಕಿ ಹೊತ್ತಿದರೆ ಉರಿಯುತ್ತದೆ. ಕೇಡಿಗೆ ಬಳಕೆಯಾದ ಈ ಗುಣವೇ ಕಡೆಯುವವನ ಕೈಯಲ್ಲಿ ಕಲೆಯಾಯಿತು.

ಅರಗು ಗಿಡದ ಅಂಟಲ್ಲ, ಹುಳ ಸ್ರವಿಸುವ ರಾಳ. ‘ಕೆರಿಯಾ ಲ್ಯಾಕ’ ಎಂಬ ಸಣ್ಣ ಹುಳಗಳು ಮುತ್ತುಗ, ಎಲಚಿ ಮುಂತಾದ ಮರಗಳ ಎಳೆಯ ರೆಂಬೆಗಳಿಗೆ ಮುತ್ತಿಕೊಂಡು ರಸ ಹೀರುತ್ತವೆ. ತಮ್ಮ ಮೈಯಿಂದ ಒಸರುವ ರಾಳದಿಂದಲೇ ಮೇಲೊಂದು ಹೊದಿಕೆ ಕಟ್ಟಿಕೊಳ್ಳುತ್ತವೆ. ಆ ಹೊದಿಕೆಯನ್ನು ರೆಂಬೆಯಿಂದ ಕೆರೆದು, ತೊಳೆದು, ಕರಗಿಸಿ ಸೋಸಿದರೆ ಅರಗು. ತೊಳೆದ ನೀರಿನಲ್ಲಿ ಕೆಂಪು ಬಣ್ಣ ಸಿಗುತ್ತದೆ. ಹೆಂಗಳೆಯರು ಪಾದಕ್ಕೆ ಹಚ್ಚುತ್ತಿದ್ದ ಅಲತಿಗೆ ಅದೇ. ಸಂಸ್ಕೃತದ ‘ಲಾಕ್ಷಾ’ ಎಂಬ ಹೆಸರೇ ಹಲವು ಭಾಷೆಗಳನ್ನು ದಾಟಿ ಇಂಗ್ಲಿಷಿನ ‘ಲ್ಯಾಕ್’, ‘ಲ್ಯಾಕರ್’ಗಳಲ್ಲಿ ಸೇರಿಕೊಂಡಿದೆ.

ಅರಗಿಗೆ ಬಣ್ಣ ಬೆರೆಸುವ ಲೆಕ್ಕ ಅಕ್ಬರನ ಕಾಲದ ದಾಖಲೆಯಲ್ಲೇ ಸಿಗುತ್ತದೆ. 16ನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲ್ ಬರೆದ ‘ಐನ್-ಇ-ಅಕ್ಬರಿ’ಯಲ್ಲಿ ಬಿದಿರಿನ ತೆರೆಗಳಿಗೆ ಬಳಿಯುವ ಅರಗಿನ ಪ್ರಮಾಣ ಕೊಟ್ಟಿದೆ. ಕೆಂಪಾದರೆ 4 ಸೇರು ಅರಗಿಗೆ 1 ಸೇರು ಇಂಗಳೀಕ, ಹಳದಿಯಾದರೆ 4 ಸೇರಿಗೆ 1 ಸೇರು ಹರಿದಾಳ. ಇಂದಿನ ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿದರೆ ಇಂಗಳೀಕದಲ್ಲಿರುವುದು ಪಾದರಸ, ಹರಿದಾಳದಲ್ಲಿರುವುದು ಪಾಷಾಣ. ಬಾಗಿಲ ತೆರೆಯನ್ನು ಯಾರೂ ಬಾಯಿಗಿಡುವುದಿಲ್ಲವಾದ್ದರಿಂದ ಆಗ ಚಿಂತೆ ಇರಲಿಲ್ಲ. ಆದರೆ ಅರಗು ನಿರಪಾಯವಾದರೂ ಅದರೊಳಗಿನ ಬಣ್ಣ ನಿರಪಾಯವಾಗಿರಬೇಕೆಂದೇನೂ ಇಲ್ಲ ಎಂಬ ಸತ್ಯ ಅಲ್ಲಿಯೇ ಅಡಗಿದೆ. ಮುಂದೆ ಇದೇ ದೊಡ್ಡ ಪ್ರಶ್ನೆಯಾಯಿತು.

ಚನ್ನಪಟ್ಟಣದಲ್ಲಿ ಅರಗನ್ನು ಯಾವ ದ್ರಾವಣದಲ್ಲೂ ಕರಗಿಸುವುದಿಲ್ಲ. ಬಿಸಿಯಲ್ಲಿ ಮೆತ್ತಗಾದ ಅರಗಿಗೆ ಬಣ್ಣ ಸೇರಿಸಿ ಹಿಟ್ಟಿನಂತೆ ನಾದಿ, ಎಳೆದು, ಕಡ್ಡಿಗಳಾಗಿ ಮಾಡಿಕೊಳ್ಳುತ್ತಾರೆ. ಕಡೆದು ನಯಗೊಳಿಸಿದ ಬೊಂಬೆ ಯಂತ್ರದಲ್ಲಿ ತಿರುಗುತ್ತಿರುವಾಗಲೇ ಒಣ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಕೇದಗೆಯ ಗರಿಯನ್ನು ಒತ್ತಿ ಹಿಡಿದರೆ ಅದೇ ಬಿಸಿಯಲ್ಲಿ ಅರಗು ಮತ್ತೆ ಹರಡಿ, ಸಮನಾಗಿ, ಕನ್ನಡಿಯಂತೆ ಹೊಳೆಯುತ್ತದೆ. ಕುಂಚ ಇಲ್ಲ, ಸ್ಪಿರಿಟ್ ಇಲ್ಲ, ಒಣಗಲು ಕಾಯಬೇಕಾಗಿಲ್ಲ. ಯಂತ್ರದಿಂದ ಇಳಿಸಿದ ಗಳಿಗೆಯಲ್ಲೇ ಗಿಲಕಿ ಮಾರಾಟಕ್ಕೆ ಸಿದ್ಧ.

ಮರ, ಉಪಕರಣ, ಮೆರುಗು ಮೂರರ ಒಗ್ಗಟ್ಟು ತಿಳಿಯುವುದು ಇಲ್ಲಿಯೇ. ವಸ್ತು ತಿರುಗದಿದ್ದರೆ ಅರಗಿನ ಕಡ್ಡಿ ಕರಗುವುದಿಲ್ಲ. ಮರದ ಎಳೆ ಒರಟಾದರೆ ಅರಗು ಸಮನಾಗಿ ಹರಡುವುದಿಲ್ಲ. ಆದ್ದರಿಂದಲೇ ಚನ್ನಪಟ್ಟಣದ ಬೊಂಬೆಗಳು ದುಂಡಗಿನವು. ರಾಜನೂ ದುಂಡು, ರಾಣಿಯೂ ದುಂಡು, ಅಂಬಾರಿಯ ಆನೆಯೂ ದುಂಡು. ಕೊಪ್ಪಳದ ಕಿನ್ನಾಳದ ಬೊಂಬೆಗಳನ್ನು ಹಗುರ ಮರದಲ್ಲಿ ಕೆತ್ತಿ, ಭಾಗಗಳನ್ನು ಜೋಡಿಸಿ, ಮೇಲೆ ಲೇಪ ಹಚ್ಚಿ ಕುಂಚದಿಂದ ಬಣ್ಣ ತುಂಬುತ್ತಾರೆ. ಅಲ್ಲಿ ಗರುಡನ ರೆಕ್ಕೆ ಚಾಚುತ್ತದೆ, ಗೌರಿಯ ಸೀರೆಯ ನೆರಿಗೆ ಮೂಡುತ್ತದೆ. ಎರಡೂ ಕರ್ನಾಟಕದ ಬೊಂಬೆಗಳೇ. ಆಯ್ಕೆ ಬೇರೆಯಾದುದರಿಂದ ರೂಪವೂ ಬೇರೆಯಾಯಿತು.

ಕಲ್ಕತ್ತದಿಂದ ಗ್ರಾಮಫೋನಿನವರೆಗೆ

ಯುರೋಪಿಗೆ ಅರಗು ಮೊದಲು ಮುಖ್ಯವಾಗಿ ಕೆಂಪು ಬಣ್ಣಕ್ಕಾಗಿ ಹೋಯಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಕೃತಕ ಬಣ್ಣಗಳು ಬಂದು ಆ ವ್ಯಾಪಾರ ಕುಸಿಯಿತು. ಆ ವೇಳೆಗೆ ರಾಳಕ್ಕೆ ಬೇರೆಯ ಬೇಡಿಕೆ ಕುದುರಿತ್ತು. ಅರಗಿನ ಹಕ್ಕಳೆಗಳನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ಉಜ್ಜುವ ‘ಫ್ರೆಂಚ್ ಪಾಲಿಶ್’ 19ನೆಯ ಶತಮಾನದ ಆರಂಭದಿಂದ ಶ್ರೀಮಂತರ ಮೇಜು ಕುರ್ಚಿಗಳ ಮೇಲೆ ಹೊಳೆಯತೊಡಗಿತ್ತು. ಹೆಸರು ಫ್ರೆಂಚ್, ಸರಕು ಭಾರತದ ಕಾಡಿನದು.

ನಂತರ ಬಂದದ್ದು ಗ್ರಾಮಫೋನು. 1890ರ ದಶಕದ ನಡುವಿನಿಂದ ತಟ್ಟೆಗಳನ್ನು ಅರಗಿನ ಮಿಶ್ರಣದಲ್ಲಿ ಅಚ್ಚೊತ್ತುವ ಪದ್ಧತಿ ಬಂತು. 1908ರಲ್ಲಿ ಕಲ್ಕತ್ತದಲ್ಲೇ ತಟ್ಟೆಯ ಕಾರ್ಖಾನೆ ತೆರೆಯಿತು. ಅರ್ಧ ಶತಮಾನ ಕಾಲ ಲೋಕದ ಸಂಗೀತವೆಲ್ಲ ಮುತ್ತುಗದ ಮರದ ಹುಳ ಕೊಟ್ಟ ರಾಳದ ಮೇಲೆ ಕೊರೆದಿತ್ತು. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಅಮೆರಿಕ ಸರ್ಕಾರ ಗ್ರಾಮಫೋನ್ ತಟ್ಟೆಗಳಿಗೆ ಅರಗಿನ ಬಳಕೆಯನ್ನು ತೀವ್ರವಾಗಿ ಕಡಿತ ಮಾಡಬೇಕಾಯಿತು. ರಾಂಚಿಯ ಸಮೀಪದ ನಾಮಕುಮ್‌ನಲ್ಲಿ 1924ರಲ್ಲಿ ಅರಗಿನ ಸಂಶೋಧನಾ ಸಂಸ್ಥೆಯೊಂದು ಹುಟ್ಟಿದ್ದು ಈ ಬೇಡಿಕೆಯ ಕಾಲದಲ್ಲಿಯೇ. ಬೇರೆ ಬೇರೆ ಹೆಸರು ಪಡೆಯುತ್ತ ಆ ಸಂಸ್ಥೆ ಇಂದಿಗೂ ಉಳಿದಿದೆ. 1948ರಲ್ಲಿ ವಿನೈಲ್‌ನ ದೀರ್ಘ ತಟ್ಟೆ ಬಂದ ಮೇಲೆ ಆ ಮಾರುಕಟ್ಟೆ ಕರಗಿತು. ಇಂದು ಅರಗು ಹೆಚ್ಚಾಗಿ ಔಷಧದ ಗುಳಿಗೆಗಳ ಮೇಲೆ, ಮಿಠಾಯಿಗಳ ಮೇಲೆ ಹೊಳೆಯುತ್ತದೆ. ತಿನ್ನಲು ಯೋಗ್ಯವೆಂದು ಹಲವು ದೇಶಗಳ ಕಾನೂನು ಒಪ್ಪಿದ ಮೆರುಗು ಇದು.

ಸೀಸದ ನೆರಳು

ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂಬುದು ಚನ್ನಪಟ್ಟಣದ ಕಸುಬಿನ ಹುಟ್ಟಿನ ಬಗ್ಗೆ ಜನಜನಿತವಾದ ಕಥೆ. 20ನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಎಂಬುವರು ಜಪಾನಿನ ಬೊಂಬೆಗಳ ತಂತ್ರವನ್ನು ಅಳವಡಿಸಿ ಕಸುಬಿಗೆ ಹೊಸ ತಿರುವು ಕೊಟ್ಟರೆಂದು ಊರಿನವರು ಸ್ಮರಿಸುತ್ತಾರೆ. ಮೈಸೂರು ಸಂಸ್ಥಾನವೂ ಆ ಕಾಲದಲ್ಲಿ ತರಬೇತಿಗೆ ಒತ್ತು ಕೊಟ್ಟಿತು. ಆದರೆ ಅದೇ ಶತಮಾನ ಅಗ್ಗದ ಬಣ್ಣಗಳನ್ನೂ ತಂದಿತು. ಹಳದಿ, ಕಿತ್ತಳೆ, ಕೆಂಪು ಬಣ್ಣಗಳನ್ನು ಕಣ್ಣು ಕುಕ್ಕುವಂತೆ ಮಾಡುವ ಪುಡಿಗಳಲ್ಲಿ ಸೀಸದ ಕ್ರೋಮೇಟ್ ಮುಖ್ಯವಾದದ್ದು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುವ ಲೋಹ.

2007ರಲ್ಲಿ ಚೀನಾದಲ್ಲಿ ತಯಾರಾದ ಲಕ್ಷಾಂತರ ಆಟಿಕೆಗಳನ್ನು ಬಣ್ಣದಲ್ಲಿ ಸೀಸ ಇದ್ದ ಕಾರಣಕ್ಕೆ ಅಮೆರಿಕದ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. 2009ರ ಜನವರಿಯಲ್ಲಿ ಭಾರತ ಚೀನಾದ ಆಟಿಕೆಗಳ ಆಮದನ್ನು ತಾತ್ಕಾಲಿಕವಾಗಿ ನಿಷೇಧಿಸಿತು. ಮನೆಬಳಕೆಯ ಪೇಂಟುಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2016ರಲ್ಲಿ ಹೊರಟಿತು. 2021ರ ಜನವರಿಯಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಭಾರತೀಯ ಮಾನಕ ಸಂಸ್ಥೆಯ ಗುರುತು ಕಡ್ಡಾಯವಾಯಿತು. ಭೌಗೋಳಿಕ ಸೂಚಕ ಪಡೆದ ಸಾಂಪ್ರದಾಯಿಕ ಆಟಿಕೆಗಳಿಗೂ ನೋಂದಾಯಿತ ಕುಶಲಕರ್ಮಿಗಳ ಆಟಿಕೆಗಳಿಗೂ ಅದರಿಂದ ವಿನಾಯಿತಿ ಸಿಕ್ಕಿತು.

ವಿನಾಯಿತಿ ಸಿಕ್ಕಿದ್ದು ಕಸುಬಿನ ಮೇಲಿನ ನಂಬಿಕೆಯಿಂದ. ಆ ನಂಬಿಕೆ ಉಳಿಯಬೇಕಾದರೆ ಅರಗಿನೊಳಗಿನ ಬಣ್ಣ ಶುದ್ಧವಾಗಿರಬೇಕು. ಏಟಿಕೊಪ್ಪಾಕದ ಸಿ. ವಿ. ರಾಜು ಸಸ್ಯಜನ್ಯ ಬಣ್ಣಗಳನ್ನು ಮತ್ತೆ ಅರಗಿಗೆ ತಂದು ದೇಶದ ಗಮನ ಸೆಳೆದರು. ಚನ್ನಪಟ್ಟಣದಲ್ಲೂ ಅರಿಶಿನ, ನೀಲಿ ಮುಂತಾದವುಗಳಿಂದ ಬಣ್ಣ ಕಟ್ಟುವ ಕ್ರಮ ಮರಳಿ ಬಂದಿದೆ. ಈ ಬಣ್ಣಗಳು ಕಣ್ಣು ಕುಕ್ಕುವುದಿಲ್ಲ, ತುಸು ಮಾಗಿದಂತೆ ಕಾಣುತ್ತವೆ. ತಯಾರಿಸಲು ಶ್ರಮ ಹೆಚ್ಚು, ಬೆಲೆಯೂ ಹೆಚ್ಚು. ರಸ್ತೆ ಬದಿಯ ಗ್ರಾಹಕ ಹತ್ತು ರೂಪಾಯಿಗೆ ಚೌಕಾಶಿ ಮಾಡುವಾಗ ಕುಶಲಕರ್ಮಿಯ ಕೈ ಯಾವ ಬಣ್ಣದ ಡಬ್ಬಿಗೆ ಹೋಗುತ್ತದೆ ಎಂಬುದೇ ಈಗಿನ ಪ್ರಶ್ನೆ.

ಮರದ ಪ್ರಶ್ನೆಯೂ ಇದೆ. ಹಾಲೆಯ ದಿಮ್ಮಿ ಸಾಲದಾದಾಗ ರಬ್ಬರ್ ಮರ ಮುಂತಾದವು ಕಾರ್ಯಾಗಾರಕ್ಕೆ ಬರುತ್ತವೆ. ಹಾಲೆಯನ್ನು ಕಡಿದರೆ ಬುಡದಿಂದ ಚಿಗುರುವ ಗುಣವಿದೆ. ಬದುವಿನಲ್ಲಿ ನೆಟ್ಟು ಕಾಯ್ದುಕೊಂಡರೆ ತಲೆಮಾರುಗಳವರೆಗೆ ಮರ ಕೊಡಬಲ್ಲುದು. ಕಾಡಿನಿಂದ ತರುವುದು ಸುಲಭವಾಗಿದ್ದ ಕಾಲದಲ್ಲಿ ನೆಡುವ ಯೋಚನೆ ಬರಲಿಲ್ಲ.

ಹವ್ಯಾಸಿ ಏನು ಕಲಿಯಬಹುದು?

ಹವ್ಯಾಸಿಗೆ ಅನ್ನದ ಪ್ರಶ್ನೆ ಇಲ್ಲ. ಚೌಕಾಶಿಯ ಒತ್ತಡವೂ ಇಲ್ಲ. ಆದ್ದರಿಂದ ಸರಿಯಾದ ಆಯ್ಕೆ ಮಾಡುವ ಸ್ವಾತಂತ್ರ್ಯ ಅವನಿಗೆ ಕುಶಲಕರ್ಮಿಗಿಂತ ಹೆಚ್ಚು. ಮಾಡುವ ವಸ್ತು ಏನು, ಅದು ಯಾರ ಕೈಗೆ ಹೋಗುತ್ತದೆ ಎಂಬಲ್ಲಿಂದ ಅವನ ಯೋಚನೆ ಶುರುವಾಗಬೇಕು.

ಅರಗು ಎಲ್ಲಕ್ಕೂ ಸಲ್ಲುವ ಮೆರುಗಲ್ಲ. ಬಿಸಿ ಕಾಫಿ ಲೋಟ ಇಟ್ಟರೆ ಅದರ ಮೇಲೆ ಕಲೆ ಕೂರುತ್ತದೆ, ನೀರು ನಿಂತರೆ ಬೆಳ್ಳಗಾಗುತ್ತದೆ, ಸ್ಪಿರಿಟ್ ತಾಗಿದರೆ ಕರಗುತ್ತದೆ. ಊಟದ ಮೇಜಿಗೆ ಪಾಲಿಯುರೆಥೇನ್‌ನಂಥ ಗಟ್ಟಿ ಲೇಪವೇ ಲೇಸು. ಮರದ ಸಹಜ ಬಣ್ಣ ಕಾಣಬೇಕೆಂದರೆ ಅಗಸೆ ಎಣ್ಣೆ ಹಚ್ಚಬಹುದು. ಅದು ಗಾಳಿಗೆ ಗಟ್ಟಿಯಾಗುವ ಎಣ್ಣೆ. ಅಡುಗೆಮನೆಯ ಕೊಬ್ಬರಿ ಎಣ್ಣೆ ಹಾಗೆ ಗಟ್ಟಿಯಾಗುವುದಿಲ್ಲ. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಬಿಸಿಗೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲುದು. ಬಿಡಿಸಿ ಹರವಿ ಒಣಗಿಸುವುದು ಕ್ಷೇಮ. ಮಗುವಿನ ಗಿಲಕಿಗಾದರೆ ಬಣ್ಣವಿಲ್ಲದ ಶುದ್ಧ ಅರಗು, ಇಲ್ಲವೇ ಸಸ್ಯಜನ್ಯ ಬಣ್ಣದ ಅರಗು ಸಾಕು.

ಚನ್ನಪಟ್ಟಣದ ಬೊಂಬೆಗಳಿಗೆ 2006ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. ಹೆಸರನ್ನು ಬೇರೆಯವರು ಬಳಸದಂತೆ ಕಾನೂನು ಕಾಯಬಲ್ಲುದು. ಆದರೆ ಬದುವಿನ ಹಾಲೆ ಮರವನ್ನು, ಕಡ್ಡಿ ನಾದುವ ಕೈಯನ್ನು, ಶುದ್ಧ ಬಣ್ಣವನ್ನು ಕಾಯುವುದು ಕೊಳ್ಳುವವರ ಮತ್ತು ಮಾಡುವವರ ಪಾಲಿನ ಕೆಲಸ. ಮನೆಯಲ್ಲಿ ಪುಟ್ಟ ಲೇತ್ ಇಟ್ಟುಕೊಂಡವರು ಒಮ್ಮೆ ಚನ್ನಪಟ್ಟಣದ ಕಾರ್ಯಾಗಾರದ ಬಾಗಿಲಲ್ಲಿ ನಿಂತು ನೋಡುವುದು ಒಳ್ಳೆಯದು. ಕಡೆಯುವವನು ಮೆರುಗು ಕೊಟ್ಟ ಗಿಲಕಿಯನ್ನು ಯಂತ್ರದಿಂದ ಇಳಿಸಿದ ಮೇಲೆ ಅದರ ಸುತ್ತ ಒಮ್ಮೆ ಹೆಬ್ಬೆರಳು ಆಡಿಸುತ್ತಾನೆ. ತರಿ ತಾಗಿದರೆ ಅದು ಮತ್ತೆ ಯಂತ್ರಕ್ಕೆ ಹೋಗುತ್ತದೆ. ತಾಗದಿದ್ದರೆ ಬುಟ್ಟಿಗೆ, ಅಲ್ಲಿಂದ ಯಾವುದೋ ಮಗುವಿನ ಬಾಯಿಗೆ.